ವಿಲ್ಸನ್‌ಗೆ ಚಪ್ಪಾಳೆ ಬಿತ್ತು, ಓಟು ಯಾಕೆ ಬೀಳಲಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಮಂಡ್ಯದ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಈ ವರ್ಷ ನಮ್ಮ ಮಕ್ಕಳು ಯುವ ಸಂಸತ್ತಿನ ಬದಲು ಅಣಕು ಸೆನೆಟ್ ಮಾಡುತ್ತೇವೆ ಅಂತ ಹಟ ಹಿಡಿದಿದ್ದಾರೆ. ವಿಷಯ, ಮೊದಲ ಮಹಾಯುದ್ಧದ ನಂತರ ಜರ್ಮನಿ ಜೊತೆ ಆದ 1919ರ ವರ್ಸೇಲ್ಸ್ ಒಪ್ಪಂದವನ್ನು ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕೋ ಬೇಡವೋ ಅನ್ನೋದು. ನನ್ನ ನೋಟ್ಸ್‌ನಲ್ಲಿ ಇದಕ್ಕೆ ಇರೋದು ಎರಡೇ ಸಾಲು: "ಅಮೆರಿಕದ ಜನ ಒಪ್ಪಲಿಲ್ಲ. ಅಧ್ಯಕ್ಷ ವಿಲ್ಸನ್ ಕಾಯಿಲೆ ಬಿದ್ದರು." ಆದರೆ ವಿಲ್ಸನ್ ಪಾತ್ರ ಮಾಡುವ ಹುಡುಗಿ ಎಲ್ಲೋ ಓದಿಕೊಂಡು ಬಂದು, "ಮಿಸ್, ಅವರು ರೈಲಲ್ಲಿ ಊರೂರು ಸುತ್ತಿದಾಗ ಜನ ಕಿಕ್ಕಿರಿದು ಸೇರಿದ್ದರಂತೆ. ಮತ್ತೆ ಒಪ್ಪದೆ ಇದ್ದೋರು ಯಾರು?" ಅಂತ ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ, "ನಮ್ಮ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಸಹಿ ಹಾಕುವಾಗ ಯಾರನ್ನ ಕೇಳಿದ್ದ?" ಅಂದು ಎಲ್ಲರನ್ನೂ ನಗಿಸಿದ. ಯುದ್ಧ ಮುಗಿದ ಮೇಲೆ ತಂದ ಒಪ್ಪಂದಕ್ಕೆ ದೇಶವನ್ನು ಒಪ್ಪಿಸೋದು ಹೇಗೆ ಮೇಡಂ? ವಿಲ್ಸನ್‌ಗೆ ಬೇರೆ ದಾರಿ ಇತ್ತಾ? ಆ ಹುಡುಗಿಗೆ ನಾನು ಏನು ಹೇಳಿಕೊಡಲಿ?

ಉತ್ತರ: ನಿಮ್ಮ ನೋಟ್ಸ್‌ನ ಮೊದಲ ಸಾಲನ್ನು ಹೊಡೆದು ಹಾಕಿ. ಎರಡನೆಯದನ್ನು ಇಟ್ಟುಕೊಳ್ಳಿ, ಆದರೆ ಅದಕ್ಕೆ ಕೊಟ್ಟಿರುವ ತೂಕ ಸ್ವಲ್ಪ ಜಾಸ್ತಿಯಾಯಿತು.

ಮೊದಲು ಹಿಂದಿನ ಬೆಂಚಿನ ಹುಡುಗನ ಮಾತು. ಟಿಪ್ಪು ಯಾರನ್ನೂ ಕೇಳಲಿಲ್ಲ, ಕೇಳುವ ಪ್ರಶ್ನೆಯೇ ಇರಲಿಲ್ಲ. 1792ರಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಗಂಡುಮಕ್ಕಳನ್ನು ಕಾರ್ನ್‌ವಾಲಿಸ್‌ಗೆ ಒತ್ತೆ ಇಡಬೇಕಾಯಿತು. ಹೊರೆ ಪ್ರಜೆಗಳ ಮೇಲೂ ಬಿತ್ತು, ಅವರ ಮಾತು ಮಾತ್ರ ಯಾರಿಗೂ ಬೇಕಿರಲಿಲ್ಲ. ಆ ಕಾಲದ ಒಪ್ಪಂದಗಳೇ ಹಾಗೆ, ರಾಜನ ಮೊಹರು ಬಿದ್ದರೆ ಮುಗಿಯಿತು. ವಿಲ್ಸನ್ ಕಷ್ಟ ಬೇರೆ. ಅಮೆರಿಕದ ಸಂವಿಧಾನದ ಪ್ರಕಾರ ಅಧ್ಯಕ್ಷರ ಸಹಿಯಿಂದ ಒಪ್ಪಂದ ಜಾರಿಗೆ ಬರೋದಿಲ್ಲ. ಸೆನೆಟ್‌ನಲ್ಲಿ ಹಾಜರಿದ್ದು ಓಟು ಹಾಕಿದವರಲ್ಲಿ ಮೂರನೇ ಎರಡು ಭಾಗ "ಹೌದು" ಅನ್ನಬೇಕು. ಆ ಹುಡುಗನನ್ನೇ ಓಟು ಎಣಿಸೋಕೆ ಕೂರಿಸಿ, ಈ ಲೆಕ್ಕ ಅವನಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಈಗ "ಜನ ಒಪ್ಪಲಿಲ್ಲ" ಅನ್ನೋ ಮಾತು. 1919ರಲ್ಲಿ ಈಗಿನಂತೆ ಜನಮತ ಸಮೀಕ್ಷೆ ಇರಲಿಲ್ಲ. ಆದರೂ ಕೈಗೆ ಸಿಗುವ ಒಂದು ಅಳತೆ ಇದೆ. ಆ ವರ್ಷದ ಏಪ್ರಿಲ್‌ನಲ್ಲಿ ಲಿಟರರಿ ಡೈಜೆಸ್ಟ್ ಅನ್ನೋ ವಾರಪತ್ರಿಕೆ ದೇಶದ ಪತ್ರಿಕಾ ಸಂಪಾದಕರನ್ನು ಕೇಳಿತು: ರಾಷ್ಟ್ರಸಂಘಕ್ಕೆ, ಅಂದರೆ ಮುಂದೆ ಯುದ್ಧ ಆಗದಂತೆ ತಡೆಯೋಕೆ ಈ ಒಪ್ಪಂದದಲ್ಲೇ ಸೇರಿಸಿದ್ದ ದೇಶಗಳ ಕೂಟಕ್ಕೆ, ನಾವು ಸೇರಬೇಕಾ? ಉತ್ತರ ಕೊಟ್ಟವರು 1,377 ಮಂದಿ. 718 ಜನ ಹೌದು ಅಂದರು, 478 ಜನ ಷರತ್ತಿನ ಮೇಲೆ ಹೌದು ಅಂದರು. ಬೇಡವೇ ಬೇಡ ಅಂದವರು 181. ಸಂಪಾದಕರ ಮನಸ್ಸೇ ಓದುಗರ ಮನಸ್ಸು ಅಂತ ಹೇಳೋಕಾಗಲ್ಲ, ನಿಜ. ಆದರೆ ಗಾಳಿ ಯಾವ ಕಡೆ ಬೀಸುತ್ತಿತ್ತು ಅಂತ ಗೊತ್ತಾಗುತ್ತದೆ, ಅಲ್ವಾ? ಆ ನಡುವಿನ 478ರ ಮೇಲೆ ಒಂದು ಗೆರೆ ಎಳೆದು ಇಟ್ಟುಕೊಳ್ಳಿ. ಇಡೀ ಕಥೆ ಅವರದೇ.

ನಿಮ್ಮ ಹುಡುಗಿ ಓದಿರೋದು 1919ರ ಸೆಪ್ಟೆಂಬರ್ ಪ್ರವಾಸದ ಬಗ್ಗೆ. ಅವಳಿಗೆ ಇದನ್ನು ವಿವರವಾಗಿಯೇ ಹೇಳಿ, ಪಾತ್ರ ಮಾಡೋಕೆ ಬೇಕಾಗುತ್ತದೆ. ಸೆಪ್ಟೆಂಬರ್ 3ರಂದು ವಾಷಿಂಗ್ಟನ್‌ನಿಂದ ವಿಶೇಷ ರೈಲು ಹೊರಟಿತು. ಜೊತೆಗೆ ಹೆಂಡತಿ ಈಡಿತ್, ಡಾಕ್ಟರ್ ಗ್ರೇಸನ್, ಕಾರ್ಯದರ್ಶಿ ಟಮಲ್ಟಿ, ಒಂದಷ್ಟು ಪತ್ರಕರ್ತರು. ಮೂರು ವಾರದಲ್ಲಿ ಸುಮಾರು 8,000 ಮೈಲಿ, ಸುಮಾರು 40 ಭಾಷಣ. ವಿಲ್ಸನ್‌ಗೆ ಆಗ 62 ವರ್ಷ. ಮೊದಲೇ ತಲೆನೋವಿನ ಮನುಷ್ಯ, ಪ್ರವಾಸ ಬೇಡ ಅಂತ ಡಾಕ್ಟರ್ ಹೇಳಿದ್ದರು. ರೇಡಿಯೊ ಪ್ರಸಾರ ಇನ್ನೂ ಶುರುವಾಗಿರಲಿಲ್ಲ. ಎದುರಿಗೆ ನಿಂತವರಿಗೆ ಕೇಳಿಸಿದ್ದೇ ಭಾಷಣ, ಉಳಿದವರಿಗೆ ಮರುದಿನದ ಪೇಪರ್.

ಸೆಪ್ಟೆಂಬರ್ 19ರಂದು ಸಾನ್ ಡಿಯಾಗೊದಲ್ಲಿ ಕ್ರೀಡಾಂಗಣ ತುಂಬಿತ್ತು, 30 ಸಾವಿರಕ್ಕೂ ಜಾಸ್ತಿ ಜನ. ಅಧ್ಯಕ್ಷರೊಬ್ಬರು ಧ್ವನಿವರ್ಧಕದಲ್ಲಿ ಮಾತಾಡಿದ ಮೊದಲ ಸಂದರ್ಭಗಳಲ್ಲಿ ಇದೂ ಒಂದು. ಈಗಿನ ಮೈಕ್ ಅಲ್ಲ. ವೇದಿಕೆ ಮೇಲೆ ಗಾಜಿನ ಒಂದು ಗೂಡು ಕಟ್ಟಿದ್ದರು, ಮೇಲಿಂದ ಕಹಳೆಗಳು. ವಿಲ್ಸನ್ ಒಳಗೆ ನಿಂತು, ಅಲ್ಲಾಡದೆ, ಆ ಕಹಳೆಗೆ ಮುಖ ಕೊಟ್ಟು ಮಾತಾಡಬೇಕು. ಜನರ ಮುಖ ನೋಡಿ, ಅವರ ಉಸಿರಿಗೆ ತಕ್ಕಂತೆ ಮಾತು ತಿರುಗಿಸೋ ಮನುಷ್ಯನನ್ನು ಗಾಜಿನೊಳಗೆ ಕೂಡಿಹಾಕಿದಂತಾಯಿತು. ಹೊರಗೆ ಜಯಕಾರ, ಒಳಗೆ ತಲೆ ಸಿಡಿತ.

ಆರು ದಿನ ಬಿಟ್ಟು ಕೊಲರಾಡೊ ರಾಜ್ಯದ ಪ್ವೆಬ್ಲೊ. ಅಲ್ಲಿ ಫ್ರಾನ್ಸಿನ ಸುರೇನ್ ಅನ್ನೋ ಊರಿನ ಸೈನಿಕ ಸ್ಮಶಾನದ ಬಗ್ಗೆ ಮಾತಾಡಿದರು. ಅಮೆರಿಕದ ಹುಡುಗರ ಸಮಾಧಿಗಳಿಗೆ ಫ್ರಾನ್ಸಿನ ಹೆಂಗಸರು ದಿನಾ ಹೂ ಇಡುತ್ತಾರೆ, ಮಗನನ್ನು ಕಳೆದುಕೊಂಡ ತಾಯಂದಿರು ನನ್ನ ಕೈ ಹಿಡಿದು ಹರಸುತ್ತಾರೆ ಅಂದರು. ಸಭೆಯಲ್ಲಿ ಜನ ಅತ್ತರು. ಆಮೇಲೆ ರೈಲು ಊರ ಹೊರಗೆ ಒಂದು ಕಡೆ ನಿಂತಿತು. ಗಾಳಿ ಬೇಕು ಅಂತ ಡಾಕ್ಟರ್ ಅವರನ್ನು ಮಣ್ಣಿನ ರಸ್ತೆಯಲ್ಲಿ ನಡೆಸಿಕೊಂಡು ಹೋದರು. ಎದುರಿಗೆ ಬಂದ ವಯಸ್ಸಾದ ರೈತನೊಬ್ಬ ಗುರುತು ಹಿಡಿದು ಗಾಡಿ ನಿಲ್ಲಿಸಿ ಒಂದು ಎಲೆಕೋಸು, ಒಂದಿಷ್ಟು ಸೇಬು ಕೈಗಿಟ್ಟ, ರಾತ್ರಿ ಊಟಕ್ಕೆ ಇರಲಿ ಅಂತ. ಅದೇ ರಾತ್ರಿ ವಿಲ್ಸನ್ ಕುಸಿದರು. ಮರುದಿನ ಪ್ರವಾಸ ರದ್ದು. ಅಕ್ಟೋಬರ್ 2ರಂದು ವೈಟ್ ಹೌಸ್‌ನಲ್ಲಿ ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋಯಿತು.

ಇಷ್ಟು ಕೇಳಿದವರಿಗೆ ಅನಿಸೋದು ಸಹಜ: ಅಯ್ಯೋ, ಇನ್ನೊಂದು ತಿಂಗಳು ಆರೋಗ್ಯ ಕೈಕೊಡದೆ ಇದ್ದಿದ್ದರೆ ಗೆದ್ದುಬಿಡುತ್ತಿದ್ದರು. ಮೈಸೂರಿನಲ್ಲಿ ವರ್ಷಗಟ್ಟಲೆ ಎಂಎ ಮಕ್ಕಳಿಗೆ ಈ ಪಾಠ ಮಾಡಿದವಳು ನಾನು. ಪ್ರತಿ ಬ್ಯಾಚಿನಲ್ಲೂ ಈ ಮಾತು ಬರುತ್ತಿತ್ತು. ಆಗ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಆ ಎಲೆಕೋಸು ಕೊಟ್ಟ ರೈತ ಯಾವ ಸೆನೆಟರ್‌ನನ್ನ, ಯಾವಾಗ ಸೋಲಿಸಬಲ್ಲವನಾಗಿದ್ದ?

ಲೆಕ್ಕ ನೋಡಿ. ಸೆನೆಟರ್ ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಮಾತ್ರ ಚುನಾವಣೆಗೆ ಹೋಗುತ್ತದೆ. ಒಪ್ಪಂದಕ್ಕೆ ದೊಡ್ಡ ಅಡ್ಡಗಾಲು ಹಾಕಿದ್ದವರು ಮೂವರು ರಿಪಬ್ಲಿಕನ್ನರು, ಅಂದರೆ ಡೆಮಾಕ್ರಾಟ್ ವಿಲ್ಸನ್‌ರ ಎದುರು ಪಕ್ಷದವರು. ವಿದೇಶಾಂಗ ಸಮಿತಿಯ ಅಧ್ಯಕ್ಷ ಹೆನ್ರಿ ಕ್ಯಾಬಟ್ ಲಾಡ್ಜ್ 1916ರಲ್ಲಿ ಗೆದ್ದವರು. ಕ್ಯಾಲಿಫೋರ್ನಿಯಾದ ಹೈರಮ್ ಜಾನ್ಸನ್ ಕೂಡ 1916. ಐಡಹೊ ರಾಜ್ಯದ ವಿಲಿಯಂ ಬೋರಾ 1918. ಅಂದರೆ ಈ ಮೂವರಲ್ಲಿ ಒಬ್ಬರೂ 1920ರಲ್ಲಿ ಜನರ ಮುಂದೆ ಕೈಮುಗಿದು ನಿಲ್ಲಬೇಕಾಗಿರಲಿಲ್ಲ. ಬೋರಾ ಊರಿಗೇ ಹೋಗಿ ವಿಲ್ಸನ್ ಭಾಷಣ ಮಾಡಿದರು. ಬೋರಾಗೆ ಏನೂ ಆಗಲಿಲ್ಲ, ಅವರೂ ಜಾನ್ಸನ್ ಜೊತೆ ಸೇರಿ ಎದುರು ಸಭೆ ಮಾಡಿಕೊಂಡು ಓಡಾಡಿದರು. ಲಾಡ್ಜ್ ಅವರ ಮ್ಯಾಸಚೂಸೆಟ್ಸ್ ಇರೋದು ಪೂರ್ವದಲ್ಲಿ, ರೈಲು ಹೋದದ್ದು ಪಶ್ಚಿಮಕ್ಕೆ. ಚಪ್ಪಾಳೆ ಸುಳ್ಳಲ್ಲ. ಅದು ಓಟಾಗಿ ಬದಲಾಗೋ ಕಾಲುವೆ ಇರಲಿಲ್ಲ, ಅಷ್ಟೆ.

ಇದರ ಮೇಲೆ ಜನರ ಗಮನವೂ ಹರಿದು ಹಂಚಿಹೋಗಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಪೊಲೀಸರೇ ಮುಷ್ಕರ ಹೂಡಿದರು, 22ರಿಂದ ಉಕ್ಕಿನ ಕಾರ್ಖಾನೆಗಳು ನಿಂತವು. ಬೆಲೆ ಏರಿತ್ತು. ಯುದ್ಧದ ಕಾಲದಲ್ಲಿ ಸಿನಿಮಾ ಮಂದಿರಗಳಲ್ಲಿ ರೀಲು ಬದಲಾಯಿಸುವ ನಾಲ್ಕು ನಿಮಿಷದಲ್ಲಿ ಎದ್ದು ನಿಂತು ಭಾಷಣ ಮಾಡೋಕೆ ಸರ್ಕಾರ ಸುಮಾರು 75 ಸಾವಿರ ಸ್ವಯಂಸೇವಕರನ್ನು ಇಟ್ಟುಕೊಂಡಿತ್ತು. ಯುದ್ಧ ನಿಂತ ಕೂಡಲೇ ಆ ವ್ಯವಸ್ಥೆಗೆ ಬೀಗ ಬಿತ್ತು. ಯುದ್ಧ ಮಾರೋಕೆ ಅಷ್ಟು ಜನ, ಶಾಂತಿ ಮಾರೋಕೆ ಒಬ್ಬ ಮುದುಕ.

ಹಾಗಾದರೆ ನಿಜವಾಗಿ ಎಲ್ಲಿ ಕೆಟ್ಟಿತು? ನನ್ನ ಮಟ್ಟಿಗೆ, ಪ್ರವಾಸಕ್ಕೆ ಹತ್ತು ತಿಂಗಳು ಮೊದಲೇ. 1918ರ ಅಕ್ಟೋಬರ್‌ನಲ್ಲಿ, ಚುನಾವಣೆಗೆ ಕೆಲವೇ ದಿನ ಇರುವಾಗ ವಿಲ್ಸನ್ ಒಂದು ಮನವಿ ಹೊರಡಿಸಿದರು: ನನ್ನ ಕೈ ಬಲಪಡಿಸಬೇಕಾದರೆ ನನ್ನ ಪಕ್ಷಕ್ಕೇ ಓಟು ಕೊಡಿ. ಯುದ್ಧದಲ್ಲಿ ಅವರ ಹಿಂದೆ ನಿಂತಿದ್ದ ರಿಪಬ್ಲಿಕನ್ನರಿಗೆ ಇದು ಕೆನ್ನೆಗೆ ಹೊಡೆದ ಹಾಗಾಯಿತು. ಜನ ಉಲ್ಟಾ ಹೊಡೆದರು. ಸೆನೆಟ್‌ನಲ್ಲಿ 49 ರಿಪಬ್ಲಿಕನ್ನರು, 47 ಡೆಮಾಕ್ರಾಟರು. ಲಾಡ್ಜ್ ಸಮಿತಿಯ ಅಧ್ಯಕ್ಷರಾದದ್ದು ಈ ಎರಡು ಸೀಟಿನಿಂದ.

ಡಿಸೆಂಬರ್‌ನಲ್ಲಿ ವಿಲ್ಸನ್ ಪ್ಯಾರಿಸ್‌ಗೆ ಹಡಗು ಹತ್ತಿದರು. ಶಾಂತಿ ಮಾತುಕತೆಯ ನಿಯೋಗದಲ್ಲಿ ಒಬ್ಬನೇ ಒಬ್ಬ ಸೆನೆಟರ್ ಇಲ್ಲ. ಇದ್ದ ಏಕೈಕ ರಿಪಬ್ಲಿಕನ್ ಹೆನ್ರಿ ವೈಟ್, ನಿವೃತ್ತ ರಾಯಭಾರಿ. ಪಕ್ಷದಲ್ಲಿ ಅವರ ಮಾತಿಗೆ ಬೆಲೆ ಇರಲಿಲ್ಲ. ನಿಮ್ಮ ಮಕ್ಕಳಿಗೆ ಇದು ಅರ್ಥವಾಗಬೇಕಾದರೆ ದೂರ ಹೋಗಬೇಡಿ. ಕಾವೇರಿ ನೀರಿನ ಮಾತುಕತೆಗೆ ಮಂಡ್ಯ ಸೀಮೆಯ ಒಬ್ಬ ಶಾಸಕನನ್ನೂ ಕರೆಯದೆ ಯಾರೋ ಹೋಗಿ, ಸಹಿ ಹಾಕಿಕೊಂಡು ಬಂದು, ಆಮೇಲೆ ಮದ್ದೂರಿನಲ್ಲಿ ಸಭೆ ಸೇರಿಸಿ "ಒಳ್ಳೆ ಒಪ್ಪಂದ, ಒಪ್ಪಿಕೊಳ್ಳಿ" ಅಂದರೆ ಹೇಗಿರುತ್ತದೆ? ಒಪ್ಪಂದ ನಿಜಕ್ಕೂ ಒಳ್ಳೆಯದೇ ಇರಬಹುದು. ಆದರೆ ಅದನ್ನು ಓದೋ ಮೊದಲೇ ಜನ ಹೆದ್ದಾರಿಗೆ ಬಂದಿರುತ್ತಾರೆ.

ಇದಕ್ಕೆ ಬೇರೆ ದಾರಿ ಇರಲಿಲ್ಲ ಅನ್ನುವಂತಿಲ್ಲ. ಇಪ್ಪತ್ತು ವರ್ಷ ಹಿಂದೆ ಸ್ಪೇನ್ ಜೊತೆ ಯುದ್ಧ ಮುಗಿದಾಗ ಅಧ್ಯಕ್ಷ ಮೆಕಿನ್ಲಿ ಪ್ಯಾರಿಸ್ ನಿಯೋಗದ ಐವರಲ್ಲಿ ಮೂವರು ಸೆನೆಟರ್‌ಗಳನ್ನೇ ಕಳಿಸಿದ್ದರು, ಒಬ್ಬರು ಎದುರು ಪಕ್ಷದವರು. ಆ ಒಪ್ಪಂದಕ್ಕೂ ವಿರೋಧ ಕಡಿಮೆ ಇರಲಿಲ್ಲ. 1899ರ ಫೆಬ್ರವರಿಯಲ್ಲಿ 57ಕ್ಕೆ 27 ಓಟಿನಲ್ಲಿ, ಅಂದರೆ ಬೇಕಾದದ್ದಕ್ಕಿಂತ ಒಂದೇ ಓಟು ಜಾಸ್ತಿಯಲ್ಲಿ ಪಾಸಾಯಿತು. ಒಟ್ಟು ಬಿದ್ದ ಓಟು 84. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ವಿಲ್ಸನ್‌ಗೆ ಎಚ್ಚರಿಕೆಯೂ ಸಿಕ್ಕಿತ್ತು. 1919ರ ಮಾರ್ಚ್‌ನಲ್ಲಿ ಲಾಡ್ಜ್ ಸೆನೆಟ್‌ನಲ್ಲಿ ಒಂದು ಪತ್ರ ಓದಿದರು: ರಾಷ್ಟ್ರಸಂಘದ ಈಗಿನ ಕರಡು ನಮಗೆ ಒಪ್ಪಿಗೆ ಇಲ್ಲ. ಕೊನೆಗೆ ಅದಕ್ಕೆ ಸೇರಿದ ಹೆಸರು 39. ಒಪ್ಪಂದ ಬೀಳಿಸೋಕೆ 33 ಸಾಕಿತ್ತು. ವಿಲ್ಸನ್ ಪೂರ್ತಿ ಕಿವುಡಾಗಿರಲಿಲ್ಲ, ಇದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಪ್ಯಾರಿಸ್‌ಗೆ ವಾಪಸ್ ಹೋಗಿ ಕರಡು ತಿದ್ದಿಸಿದರು. ಅಮೆರಿಕ ಖಂಡಗಳ ವಿಚಾರದಲ್ಲಿ ಯೂರೋಪ್ ಕೈ ಹಾಕಬಾರದು ಅನ್ನೋ ಮನ್ರೊ ಸಿದ್ಧಾಂತಕ್ಕೆ ಧಕ್ಕೆ ಇಲ್ಲ ಅಂತ ಸೇರಿಸಿದರು. ಎರಡು ವರ್ಷದ ನೋಟಿಸ್ ಕೊಟ್ಟು ಸಂಘದಿಂದ ಹೊರಬರಬಹುದು ಅಂತಾಯಿತು. ಆದರೆ ಇದನ್ನೆಲ್ಲ ಸೆನೆಟರ್‌ಗಳ ಜೊತೆ ಕೂತು ಮಾಡಲಿಲ್ಲ. ಹಾಗಾಗಿ ತಿದ್ದುಪಡಿ ಬಂತು, ಋಣ ಬರಲಿಲ್ಲ.

ಜಗಳದ ತಿರುಳು ಒಪ್ಪಂದದೊಳಗಿನ 10ನೇ ವಿಧಿ. ಸದಸ್ಯ ದೇಶದ ಗಡಿಯ ಮೇಲೆ ಯಾರಾದರೂ ಬಿದ್ದರೆ ಉಳಿದವರು ಅದನ್ನು ಕಾಪಾಡಬೇಕು ಅನ್ನುತ್ತಿತ್ತು ಅದು. ಸೆನೆಟರ್‌ಗಳ ಪ್ರಶ್ನೆ ನೇರವಾಗಿತ್ತು. ಎಲ್ಲೋ ಬಾಲ್ಕನ್‌ನಲ್ಲಿ ಗಲಾಟೆ ಆದರೆ ನಮ್ಮ ಹುಡುಗರನ್ನು ಕಳಿಸಬೇಕಾ? ಅದನ್ನು ತೀರ್ಮಾನ ಮಾಡೋದು ನಮ್ಮ ಸಂಸತ್ತಾದ ಕಾಂಗ್ರೆಸ್ಸೋ, ಜಿನೀವಾದಲ್ಲಿ ಕೂರುವ ರಾಷ್ಟ್ರಸಂಘವೋ? ಆಗಸ್ಟ್ 19ರಂದು ಸಮಿತಿಯವರನ್ನು ವೈಟ್ ಹೌಸ್‌ಗೆ ಕರೆಸಿ ವಿಲ್ಸನ್ ಉತ್ತರ ಕೊಟ್ಟರು: ಇದು ಕಾನೂನಿನ ಕಟ್ಟುಪಾಡಲ್ಲ, ನೈತಿಕ ಕಟ್ಟುಪಾಡು, ಆದರೆ ನೈತಿಕ ಕಟ್ಟುಪಾಡು ಕಾನೂನಿಗಿಂತ ದೊಡ್ಡದು. ತರಗತಿಯಲ್ಲಿ ಇದು ಒಳ್ಳೆಯ ಉತ್ತರ. ಓಟು ಹಾಕಬೇಕಾದವನಿಗೆ ಎರಡೂ ಕಡೆ ಕೈ ಸುಡೋ ಉತ್ತರ. ಕಟ್ಟುಪಾಡಲ್ಲ ಅಂದರೆ ಯಾಕೆ ಬೇಕು? ಕಟ್ಟುಪಾಡೇ ಆದರೆ ನನ್ನ ಊರಿನ ತಾಯಂದಿರಿಗೆ ಏನು ಹೇಳಲಿ? ಈ ಅಂಜಿಕೆಯನ್ನು ಸುಮ್ನೆ ಪಕ್ಷ ರಾಜಕೀಯ ಅಂತ ತಳ್ಳಿಹಾಕೋದು ತಪ್ಪು.

ಇನ್ನೊಂದು ಆಕ್ಷೇಪ ನಮ್ಮವರಿಗೆ ಸಂಬಂಧಿಸಿದ್ದು, ನಿಮ್ಮ ಮಕ್ಕಳಿಗೆ ಖುಷಿಯಾಗಬಹುದು. ರಾಷ್ಟ್ರಸಂಘದಲ್ಲಿ ಬ್ರಿಟಿಷ್ ಸಾಮ್ರಾಜ್ಯಕ್ಕೆ ಆರು ಓಟು, ನಮಗೆ ಒಂದೇ, ಇದ್ಯಾವ ನ್ಯಾಯ ಅಂತ ಜಾನ್ಸನ್ ಕಡೆಯವರು ಕೂಗಾಡಿದರು. ಆ ಆರರಲ್ಲಿ ಒಂದು ಭಾರತದ್ದು. ಭಾರತದ ಪರವಾಗಿ ವರ್ಸೇಲ್ಸ್‌ನಲ್ಲಿ ಸಹಿ ಹಾಕಿದವರು ಬ್ರಿಟಿಷ್ ಮಂತ್ರಿ ಮಾಂಟೆಗು ಮತ್ತು ಬಿಕಾನೇರ್ ಮಹಾರಾಜ ಗಂಗಾಸಿಂಗ್. ಹಿಂದಿನ ವರ್ಷವಷ್ಟೇ ಹೈಫಾದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಜೋಧಪುರದವರ ಜೊತೆ ನುಗ್ಗಿ ಊರು ಗೆದ್ದಿದ್ದರು. ಅವರ ಮನೆಯವರನ್ನು ಒಪ್ಪಂದದ ಬಗ್ಗೆ ಯಾರೂ ಕೇಳಲಿಲ್ಲ. ಆ ಒಂದು ಓಟು ಲಂಡನ್‌ನ ಜೇಬಿನಲ್ಲಿದೆ ಅಂತ ಅಮೆರಿಕದವರು ಅನುಮಾನಪಟ್ಟರೆ ಅದನ್ನು ಪೂರ್ತಿ ತಪ್ಪು ಅನ್ನೋಕಾಗುತ್ತದಾ?

ಮಾತಿನ ಧಾಟಿಯೂ ಕೆಲಸ ಕೆಡಿಸಿತು. ಅಮೆರಿಕದಲ್ಲಿದ್ದ ಐರಿಷರಿಗೆ ಐರ್ಲೆಂಡ್ ಬಿಡುಗಡೆ ಆಗಲಿಲ್ಲ ಅನ್ನೋ ಸಿಟ್ಟು. ಜರ್ಮನ್ ಮೂಲದವರಿಗೆ ಜರ್ಮನಿಯ ಮೇಲೆ ಹೇರಿದ ಷರತ್ತಿನ ಸಿಟ್ಟು. ಇಟಾಲಿಯನ್ನರಿಗೆ ಫ್ಯೂಮೆ ಬಂದರು ಸಿಗಲಿಲ್ಲ ಅನ್ನೋ ಸಿಟ್ಟು. ಚೀನಾದ ಶಾಂಡೊಂಗ್‌ನಲ್ಲಿ ಜರ್ಮನರಿಗಿದ್ದ ಹಕ್ಕು ಜಪಾನ್‌ಗೆ ಹೋಯಿತು ಅಂತ ಇನ್ನೂ ಹಲವರಿಗೆ ಬೇಜಾರು. ಇವರನ್ನೆಲ್ಲ ಸಮಾಧಾನ ಮಾಡಬೇಕಾದ ಸಮಯದಲ್ಲಿ ವಿಲ್ಸನ್ ಏನಂದರು ಗೊತ್ತಾ? ಹಳೇ ದೇಶದ ಹೆಸರನ್ನು ತನ್ನ ಹೆಸರಿಗೆ ಅಂಟಿಸಿಕೊಂಡು ಓಡಾಡುವವನು ಈ ಗಣರಾಜ್ಯಕ್ಕೆ ಇರಿಯೋಕೆ ಚೂರಿ ಇಟ್ಟುಕೊಂಡವನು ಅಂದರು. ಅತ್ತರಲ್ಲ ಜನ, ಅದೇ ಪ್ವೆಬ್ಲೊ ಸಭೆಯಲ್ಲಿ.

ಈಗ ಕಾಯಿಲೆ ವಿಚಾರ. ಪಾರ್ಶ್ವವಾಯು ಆದ ಮೇಲೆ ತಿಂಗಳುಗಟ್ಟಲೆ ಅವರನ್ನು ನೋಡೋಕೆ ಬಿಟ್ಟದ್ದು ಬೆರಳೆಣಿಕೆಯ ಜನರನ್ನು. ಯಾವ ಕಾಗದ ಒಳಗೆ ಹೋಗಬೇಕು ಅಂತ ತೀರ್ಮಾನ ಮಾಡುತ್ತಿದ್ದವರು ಈಡಿತ್. ಮಾತುಕತೆ ನಡೆಸೋಕೆ ಮನುಷ್ಯನೇ ಸಿಗುತ್ತಿರಲಿಲ್ಲ. ಹಠವೂ ಹೆಚ್ಚಾಯಿತು, ಅದರಲ್ಲಿ ಕಾಯಿಲೆಯ ಪಾಲೂ ಇರಬೇಕು. ಆದರೆ ಒಪ್ಪಂದಕ್ಕೆ ಸೆನೆಟ್ ಹಾಕೋ ಷರತ್ತು ಒಪ್ಪಲ್ಲ ಅನ್ನೋ ನಿಲುವು ಗಟ್ಟಿಯಾಗಿದ್ದ ಮನುಷ್ಯನೇ ರೈಲು ಹತ್ತಿದ್ದು. ಆರೋಗ್ಯವಾಗಿದ್ದಿದ್ದರೆ ಬಗ್ಗುತ್ತಿದ್ದರು ಅಂತ ನನಗೆ ಅನಿಸೋದಿಲ್ಲ.

ಕೊನೆಯ ಓಟಿನ ಲೆಕ್ಕವನ್ನು ಬೋರ್ಡ್ ಮೇಲೆ ಬರೆಯಿರಿ. 1919ರ ನವೆಂಬರ್ 19ರಂದು ಲಾಡ್ಜ್ ಷರತ್ತುಗಳ ಸಮೇತ ಒಪ್ಪಂದ ಬಂತು: 39 ಪರ, 55 ವಿರುದ್ಧ. ಷರತ್ತಿಲ್ಲದೆ ಬಂತು: 38 ಪರ, 53 ವಿರುದ್ಧ. ಎರಡೂ ಬಿದ್ದವು. 1920ರ ಮಾರ್ಚ್ 19ರಂದು ಷರತ್ತಿನ ಸಮೇತ ಮತ್ತೊಮ್ಮೆ: 49 ಪರ, 35 ವಿರುದ್ಧ. ಒಟ್ಟು 84, ಮೆಕಿನ್ಲಿ ಕಾಲದಷ್ಟೇ. ಬೇಕಾಗಿದ್ದದ್ದು 56. ಏಳು ಓಟು ಕಡಿಮೆ. ಈಗ ಆ 35 ಯಾರು ಅಂತ ಮಕ್ಕಳನ್ನು ಕೇಳಿ. 12 ಮಂದಿ ಮಾತ್ರ ಏನು ಕೊಟ್ಟರೂ ಬೇಡ ಅನ್ನುವ ಕಟ್ಟಾ ವಿರೋಧಿಗಳು. ಉಳಿದ 23 ಮಂದಿ ವಿಲ್ಸನ್ ಪಕ್ಷದವರೇ. ಷರತ್ತಿನ ಒಪ್ಪಂದವನ್ನು ಬೀಳಿಸಿ ಅಂತ ಅಧ್ಯಕ್ಷರು ಹೇಳಿ ಕಳಿಸಿದ್ದರು, ಇವರು ಪಾಲಿಸಿದರು. 21 ಡೆಮಾಕ್ರಾಟರು ಮಾತು ಮೀರಿ ಪರವಾಗಿ ಹಾಕಿದರು. ಇನ್ನು ಏಳು ಜನ ಮೀರಿದ್ದರೆ ಆಗಿಹೋಗುತ್ತಿತ್ತು. ನಿಮ್ಮ ಹುಡುಗಿ ಕೇಳಿದಳಲ್ಲ, ಒಪ್ಪದೆ ಇದ್ದೋರು ಯಾರು ಅಂತ. ಆ ದಿನದ ಮಟ್ಟಿಗೆ ಅವಳು ಮಾಡುತ್ತಿರುವ ಪಾತ್ರದ ಮನುಷ್ಯನೇ.

ಇಷ್ಟರಿಂದ ಲಾಡ್ಜ್ ದೇವರಾಗೋದಿಲ್ಲ. ಸಮಿತಿಯಲ್ಲಿ ಇಡೀ ಒಪ್ಪಂದವನ್ನು ಗಟ್ಟಿಯಾಗಿ ಓದುತ್ತಾ ಎರಡು ವಾರ ಕಳೆದ ಮನುಷ್ಯ ಅವರು, ಜನರ ಬಿಸಿ ಆರಲಿ ಅಂತ. ವಿಲ್ಸನ್ ಬಗ್ಗೆ ಸ್ವಂತ ದ್ವೇಷವೂ ಇತ್ತು. ಯುದ್ಧದ ಕಾಲದಲ್ಲಿ ವಿಲ್ಸನ್ ಸಾರಿದ್ದ ಶಾಂತಿಯ 14 ಅಂಶಗಳಿಗೆ ಸರಿಯಾಗಿ 14 ಷರತ್ತು ಇಟ್ಟದ್ದರಲ್ಲಿ ಕುಚೋದ್ಯ ಇರಲಿಲ್ಲ ಅಂತ ಹೇಳೋಕಾಗಲ್ಲ. ಆದರೂ ಲಾಡ್ಜ್ ಹಿಂದೆ ನಿಂತಿದ್ದವರಲ್ಲಿ ಬಹಳ ಜನ ಆ 478 ಸಂಪಾದಕರಂಥವರು. ಅವರಿಗೆ ಸ್ವಲ್ಪ ಭರವಸೆ ಬೇಕಿತ್ತು.

ವಿಲ್ಸನ್ ಮುಂದೆ ಇದ್ದ ದಾರಿಗಳಲ್ಲಿ ನಿಮ್ಮ ಹುಡುಗಿ ಒಂದನ್ನು ಆರಿಸಿಕೊಳ್ಳಲಿ. ಯಾವುದೂ ಮುಳ್ಳಿಲ್ಲದ ದಾರಿಯಲ್ಲ ಅಂತ ಮೊದಲೇ ಹೇಳಿ.

ಸೌಮ್ಯ ಷರತ್ತಿನವರ ಜೊತೆ ಜುಲೈನಲ್ಲೇ ಕೂರೋದು ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ. ರಿಪಬ್ಲಿಕನ್ನರಲ್ಲೇ ಸಣ್ಣಪುಟ್ಟ ಷರತ್ತು ಹಾಕಿ ಒಪ್ಪೋಣ ಅನ್ನುವ ಒಂದು ಗುಂಪಿತ್ತು. ಮಾಜಿ ಅಧ್ಯಕ್ಷ ಟಾಫ್ಟ್, ಅವರೂ ರಿಪಬ್ಲಿಕನ್, 1915ರಿಂದಲೇ ಇಂಥ ಸಂಘ ಬೇಕು ಅಂತ ಪ್ರಚಾರ ಮಾಡಿಕೊಂಡು ಬಂದಿದ್ದರು. ಇವರನ್ನು ಮುಂದಿಟ್ಟುಕೊಂಡು ಹೋಗಿದ್ದರೆ ಲಾಡ್ಜ್ ಮನೆಯೊಳಗೇ ಬಿರುಕು ಬೀಳುತ್ತಿತ್ತು. ಅಪಾಯ ಏನು? ಒಂದು ದೇಶ ಷರತ್ತು ಹಾಕಿದರೆ ಉಳಿದ ದೇಶಗಳೂ ಕೈ ಎತ್ತುತ್ತವೆ, ಕಟ್ಟಿದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ವಿಲ್ಸನ್ ವಾದ ಇದೇ, ಹುರುಳಿಲ್ಲದ ವಾದವಲ್ಲ. ಆದರೆ 1920ರ ಜನವರಿ ಕೊನೆಗೆ ಬ್ರಿಟನ್ನಿನ ಮಾಜಿ ವಿದೇಶಾಂಗ ಮಂತ್ರಿ ಗ್ರೇ ಲಂಡನ್‌ನ ಟೈಮ್ಸ್ ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಬರೆದರು: ಷರತ್ತಿನ ಸಮೇತವಾದರೂ ಅಮೆರಿಕ ಬರಲಿ. ವಿಲ್ಸನ್‌ಗೆ ಬಂದದ್ದು ಸಿಟ್ಟು.

ಶಾಂತಿ ಒಪ್ಪಂದ ಒಂದು ಕಡೆ, ರಾಷ್ಟ್ರಸಂಘ ಇನ್ನೊಂದು ಕಡೆ ಅಂತ ಬಿಡಿಸಿ ಓಟಿಗೆ ಹಾಕಬಹುದಿತ್ತು. ಮೊದಲನೆಯದು ಸುಲಭವಾಗಿ ಪಾಸಾಗುತ್ತಿತ್ತು. ಎರಡನೆಯದು ಧೂಳು ತಿನ್ನುತ್ತಾ ಕೂರುತ್ತಿತ್ತೇನೋ ಅನ್ನೋ ಭಯಕ್ಕೇ ವಿಲ್ಸನ್ ಎರಡನ್ನೂ ಬೇಕಂತಲೇ ಹೆಣೆದುಬಿಟ್ಟಿದ್ದರು.

ಜನರ ಹತ್ತಿರ ಹೋಗೋದು ತಪ್ಪಾ ಅಂದರೆ ಅಲ್ಲ. ಆದರೆ ಯಾವಾಗ, ಯಾವ ಮಾತು ಹಿಡಿದುಕೊಂಡು ಅನ್ನೋದು ಮುಖ್ಯ. ಮಾತುಕತೆಗೆ ಮೊದಲು ಹೋದರೆ ಜನ ನಿಮ್ಮ ಹಿಂದಿನ ಬಲ. ಸಹಿ ಆದ ಮೇಲೆ ಎದುರಾಳಿಯನ್ನು ಮಣಿಸೋಕೆ ಹೋದರೆ ಅದು ಸವಾಲಾಗುತ್ತದೆ. ಸವಾಲು ಹಾಕಿದ ಮೇಲೆ ಬಗ್ಗೋದು ಕಷ್ಟ, ಇಬ್ಬರಿಗೂ. 1920ರ ಚುನಾವಣೆಯೇ ಇದರ ತೀರ್ಪಾಗಲಿ ಅಂದರು ವಿಲ್ಸನ್. ರಿಪಬ್ಲಿಕನ್ ಹಾರ್ಡಿಂಗ್ ಶೇ 60ರಷ್ಟು ಓಟು ತೆಗೆದುಕೊಂಡು ಗೆದ್ದರು. ಅದೂ ಒಪ್ಪಂದದ ಮೇಲಿನ ತೀರ್ಪು ಅಂತ ನಾನು ಹೇಳಲ್ಲ. ಬೆಲೆ ಏರಿಕೆ, ಮುಷ್ಕರ, ಯುದ್ಧದ ಸುಸ್ತು ಎಲ್ಲ ಸೇರಿದ ಓಟು ಅದು. ಚುನಾವಣೆಯಲ್ಲಿ ಒಂದೇ ಪ್ರಶ್ನೆ ಕೇಳೋಕೆ ಯಾರಿಗೂ ಆಗಲ್ಲ.

ಇದೇ ಕೆಲಸ ಇನ್ನೊಂದು ಸಲ ಹೇಗೆ ನಡೆಯಿತು ಅಂತಲೂ ಮಕ್ಕಳಿಗೆ ತೋರಿಸಿ. 1920ರಲ್ಲಿ ಡೆಮಾಕ್ರಾಟ್ ಪಕ್ಷದಿಂದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಸೋತವರು ಫ್ರಾಂಕ್ಲಿನ್ ರೂಸ್‌ವೆಲ್ಟ್. ಆ ಸೋಲಿನ ಪಾಠ ಅವರಿಗೆ ಮರೆತಿರಲಿಲ್ಲ ಅನಿಸುತ್ತದೆ. ಎರಡನೇ ಯುದ್ಧ ಮುಗಿಯುವ ಮೊದಲೇ ವಿಶ್ವಸಂಸ್ಥೆಯ ಮಾತು ಶುರು. ಶಾಂತಿ ಒಪ್ಪಂದದ ಜೊತೆ ಅದನ್ನು ಗಂಟು ಹಾಕಲಿಲ್ಲ. ಸಾನ್ ಫ್ರಾನ್ಸಿಸ್ಕೊ ಸಮ್ಮೇಳನದ ನಿಯೋಗಕ್ಕೆ ಡೆಮಾಕ್ರಾಟ್ ಸೆನೆಟರ್ ಕೊನಾಲಿ ಜೊತೆಗೆ ರಿಪಬ್ಲಿಕನ್ ಸೆನೆಟರ್ ವ್ಯಾಂಡನ್‌ಬರ್ಗ್ ಅವರನ್ನೂ ಹಾಕಿದರು. ಹಿಂದೆ ಹೊರಗಿನ ಉಸಾಬರಿ ಬೇಡ ಅನ್ನುತ್ತಿದ್ದ ಮನುಷ್ಯ ಈ ವ್ಯಾಂಡನ್‌ಬರ್ಗ್. ಸಮ್ಮೇಳನಕ್ಕೆ ಮೊದಲೇ ರೂಸ್‌ವೆಲ್ಟ್ ತೀರಿಕೊಂಡರು, ಟ್ರೂಮನ್ ಬಂದರು, ಆದರೂ ಕೆಲಸ ನಿಲ್ಲಲಿಲ್ಲ. ಅಧ್ಯಕ್ಷರೊಬ್ಬರ ಮೇಲೇ ಅದು ನಿಂತಿರಲಿಲ್ಲವಲ್ಲ. 1945ರ ಜುಲೈ 28ರಂದು ಸೆನೆಟ್ ಓಟು: 89 ಪರ, 2 ವಿರುದ್ಧ. ಭದ್ರತಾ ಸಮಿತಿಯಲ್ಲಿ ವೀಟೊ ಇದ್ದದ್ದೂ ಸಹಾಯ ಮಾಡಿತು ಅನ್ನಿ, 10ನೇ ವಿಧಿಯ ಹಳೆ ಭಯ ಅಲ್ಲಿ ಅರ್ಧ ಕರಗಿತು. ಅದರ ಬೆಲೆ ಏನು ಅಂತ ಇವತ್ತಿಗೂ ಪೇಪರ್‌ನಲ್ಲಿ ಓದುತ್ತಿದ್ದೇವೆ.

ಆ ಸಮ್ಮೇಳನದಲ್ಲಿ ಭಾರತದ ನಿಯೋಗದ ಮುಖ್ಯಸ್ಥರಾಗಿ ಸಹಿ ಹಾಕಿದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಮರುವರ್ಷ ಅವರೇ ಮೈಸೂರಿನ ದಿವಾನರಾದರು, ಕೊನೆಯ ದಿವಾನರು.

ಇನ್ನು ನಿಮ್ಮ ಅಣಕು ಸೆನೆಟ್. ಪರ, ವಿರೋಧ ಅಂತ ಎರಡೇ ಗುಂಪು ಮಾಡಬೇಡಿ. ನಾಲ್ಕು ಮಾಡಿ: ಹಾಗೇ ಒಪ್ಪೋಣ ಅನ್ನುವವರು, ಸೌಮ್ಯ ಷರತ್ತಿನವರು, ಲಾಡ್ಜ್ ಷರತ್ತಿನವರು, ಬೇಡವೇ ಬೇಡ ಅನ್ನುವವರು. ಪ್ರತಿ ಸೆನೆಟರ್ ಎದೆಗೆ ಒಂದು ಚೀಟಿ, ಅದರ ಮೇಲೆ ರಾಜ್ಯದ ಹೆಸರು ಮತ್ತು ಮುಂದಿನ ಚುನಾವಣೆ ವರ್ಷ. ಉಳಿದ ಮಕ್ಕಳು ಗ್ಯಾಲರಿಯಲ್ಲಿ ಕೂತು ಎಷ್ಟು ಬೇಕಾದರೂ ಚಪ್ಪಾಳೆ ಹೊಡೆಯಲಿ, ಎಣಿಕೆಗೆ ಸೇರಿಸಬೇಡಿ. ಓಟಿಗೆ ಮೊದಲು ಅರ್ಧ ಗಂಟೆ ಊಟದ ಬಿಡುವು ಕೊಡಿ. ನಾನು ಮಾಡಿಸಿದಾಗೆಲ್ಲ ವೇದಿಕೆಯಲ್ಲಿ ಆಗದ ರಾಜಿ ಕಾರಿಡಾರಿನಲ್ಲಿ ಆಗುತ್ತಿತ್ತು. ಭಾಷಣ ಚೆನ್ನಾಗಿ ಮಾಡುವವರಿಗಿಂತ ಡಬ್ಬಿ ತೆಗೆದುಕೊಂಡು ಎದುರು ಗುಂಪಿನ ಹತ್ತಿರ ಹೋಗಿ ಕೂರುವ ಮಕ್ಕಳು ಓಟು ತರುತ್ತಿದ್ದರು.

ನಿಮ್ಮ ಹುಡುಗಿ ಪ್ವೆಬ್ಲೊ ಭಾಷಣ ಬಾಯಿಪಾಠ ಮಾಡಲಿ, ಬೇಡ ಅನ್ನಬೇಡಿ. ಆದರೆ ಬಿಡುವಿನ ಹೊತ್ತಿಗೆ ಅವಳ ಕೈಯಲ್ಲಿ ಏಳು ಹೆಸರಿನ ಪಟ್ಟಿ ಇರಲಿ. ಪ್ರತಿ ಹೆಸರಿನ ಮುಂದೆ, 10ನೇ ವಿಧಿಗೆ ಯಾವ ಒಂದು ಸಾಲು ಸೇರಿಸಿದರೆ ಇವರು ಒಪ್ಪುತ್ತಾರೆ ಅಂತ ಅವಳೇ ಬರೆದುಕೊಳ್ಳಲಿ. "ಯುದ್ಧ ಘೋಷಿಸುವ ಅಧಿಕಾರ ಕಾಂಗ್ರೆಸ್ಸಿನದೇ" ಅನ್ನೋ ಸಾಲಿನಿಂದ ಶುರು ಮಾಡಬಹುದು.